ನೀರಿಳಿದಾಗ ಸಿಗುವ ಸೊಪ್ಪು

"ಅಲ್ಲ ತಂಗಿ, ಆ ಕಲ್ಲಿನ ಮೇಲಿನ ಪಾಚಿ ತಿನ್ನೂಕೆ ಆಗ್ತದ್ಯೆ?" ಎಂದು ಬೇಲಿಯಾಚೆಯ ಅಕ್ಕ ಕೇಳಿದರು. ಆಗ್ತದೆ ಅಕ್ಕ, ಆದರೆ ಎಲ್ಲ ಪಾಚಿಯೂ ಆಗೂದಿಲ್ಲ, ಎಲ್ಲ ಕಡೆಯದೂ ಆಗೂದಿಲ್ಲ ಎಂದೆ. ಅಷ್ಟು ಸಾಕಾಯಿತು. ಅಕ್ಕ ಕೈಯಲ್ಲಿದ್ದ ಬಟ್ಟೆ ಬುಟ್ಟಿಯನ್ನು ಕೆಳಗಿಟ್ಟು ದಾಸವಾಳದ ಬೇಲಿಗೆ ಒರಗಿ ನಿಂತರು. ನಮ್ಮ ಮಲ್ಲಾಪುರದ ಕಾಲನಿಯಲ್ಲಿ ಸಂಜೆಯ ಮಾತು ಶುರುವಾಗುವುದೇ ಹೀಗೆ. ಕೈಗಾ ಅಣುವಿದ್ಯುತ್ ಸ್ಥಾವರದ ಪಾಳಿ ಮುಗಿಸಿ ಬಸ್ಸುಗಳು ವಾಪಸು ಬರುವವರೆಗೂ ಅದು ನಡೆಯುತ್ತದೆ.

ಅಕ್ಕನ ತವರು ಅಂಕೋಲೆ ಕಡೆಯ ಹಾರವಾಡ. ಕಡಲಿನ ವಿಷಯದಲ್ಲಿ ಅವರಿಗೆ ಪಾಠ ಹೇಳುವ ಅಗತ್ಯವೇ ಇಲ್ಲ. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಕಾಲಿನಿಂದಲೇ ಬಲ್ಲರು. ಅಮಾಸೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಎಷ್ಟು ಏರುತ್ತದೋ ಇಳಿತ ಅಷ್ಟೇ ಆಳಕ್ಕೆ ಹೋಗುತ್ತದೆ. ನಮ್ಮ ಕಡಲಲ್ಲಿ ಆ ದಿನಗಳಲ್ಲಿ ಬೆಳಗಿನ ಐದಾರರ ಹೊತ್ತಿಗೊಮ್ಮೆ, ಸಂಜೆ ಐದಾರರ ಹೊತ್ತಿಗೊಮ್ಮೆ ಕಲ್ಲುಗಳು ಪೂರ್ತಿ ಹೊರಬೀಳುತ್ತವೆ. ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡ. ಈ ಲೆಕ್ಕ ಅಕ್ಕನಿಗೆ ಗಡಿಯಾರವಿಲ್ಲದೆ ಬರುತ್ತದೆ, ಯಾಕೆಂದರೆ ಕಲ್ವ, ಅಂದರೆ ಕಲ್ಲಿನ ಚಿಪ್ಪಿ, ತೆಗೆಯುವವರಿಗೆ ಬೇರೆ ಪಂಚಾಂಗವೇ ಬೇಡ. ಅವರು ಕಲ್ವ ಬಿಡಿಸುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಲ್ಲಿಗೆ ಕಚ್ಚಿಕೊಂಡ ಚಿಪ್ಪಿನ ಸಂದಿಯಲ್ಲಿ ಉಳಿಯಂಥ ಸಣ್ಣ ಕಬ್ಬಿಣದ ತುದಿ ಇಟ್ಟು ಒಂದೇ ತಿರುವು, ಮೇಲಿನ ಚಿಪ್ಪು ಎದ್ದು ಬರುತ್ತದೆ. ಒಳಗಿನ ಮಾಂಸ ಅದರ ನೀರಿನ ಸಮೇತ ಡಬ್ಬಿಗೆ. ಕೆಳಗಿನ ಚಿಪ್ಪು ಕಲ್ಲಿನಲ್ಲೇ ಉಳಿಯುತ್ತದೆ, ಅದರ ಮೇಲೆ ಮುಂದಿನ ವರ್ಷ ಮತ್ತೊಂದು ಕಲ್ವ ಕೂರುತ್ತದೆ. ಸಣ್ಣದನ್ನು ಮುಟ್ಟುವುದಿಲ್ಲ.

ಕಡಲ ಸೊಪ್ಪಿಗೂ ಬೇಕಾದದ್ದು ಇದೇ ಕೈ. ಬುಡ ಕೀಳಬಾರದು. ಸೊಪ್ಪಿಗೆ ಬೇರಿಲ್ಲ, ಕಲ್ಲು ಹಿಡಿದುಕೊಳ್ಳುವ ಒಂದು ಬುಡ ಮಾತ್ರ ಇರುತ್ತದೆ. ಅದನ್ನು ಬಿಟ್ಟು ಕತ್ತರಿಯಿಂದ ಮೇಲಿನದನ್ನಷ್ಟೇ ಕತ್ತರಿಸಿದರೆ ಎಷ್ಟೋ ಜಾತಿಗಳು ಮತ್ತೆ ಚಿಗುರುತ್ತವೆ.

ಯಾವ ಸೊಪ್ಪು ಎಂಬುದು ಮುಂದಿನ ಪ್ರಶ್ನೆ. ಮೊದಲು ಕಲಿಯಬೇಕಾದದ್ದು ಉಲ್ವಾ. ಹಸಿರು ಹಾಳೆ, ಬರೀ ಎರಡು ಜೀವಕೋಶದಷ್ಟು ದಪ್ಪ, ಬೆಳಕಿಗೆ ಹಿಡಿದರೆ ಬಾಳೆಯ ಸುಳಿ ಎಲೆಯ ಹಾಗೆ ಆಚೆಯ ಬೆರಳು ಕಾಣುತ್ತದೆ. ಕಾರವಾರದ ಬಿಣಗಾ, ಮಾಜಾಳಿಯ ಕಲ್ಲುಗಳಂಥ ಜಾಗದಲ್ಲಿ ಇದನ್ನು ಹುಡುಕಬಹುದು. ಗ್ರಾಸಿಲೇರಿಯಾ ಎಂಬ ಕೆಂಪು ಜಾತಿ ಕವಲೊಡೆದ ಎಳೆಎಳೆಯಾಗಿ ಇರುತ್ತದೆ, ಕೈಗೆ ಗಟ್ಟಿ, ಬೇಯಿಸಿದರೆ ಲೋಳೆ ಬಿಡುತ್ತದೆ. ಜಪಾನಿನವರು ಅನ್ನ ಸುತ್ತುವ ನೋರಿ ಇದೆಯಲ್ಲ, ಅದರ ಬಳಗದ ಪೋರ್ಫೈರಾ ಗೋವಾದ ಕಡೆಯ ಕಲ್ಲುಗಳ ಮೇಲೆ ಮಳೆಗಾಲದಲ್ಲಿ ಏಳುತ್ತದೆ. ಆದರೆ ಮಳೆಗಾಲದ ಕಡಲಿನ ಕಲ್ಲಿಗೆ ಸೊಪ್ಪಿಗಾಗಿ ಇಳಿಯಬೇಡಿ ಎಂದು ನಾನು ಯಾರಿಗಾದರೂ ಗಟ್ಟಿಯಾಗಿ ಹೇಳುತ್ತೇನೆ. ದೋಣಿಯವರೇ ದೋಣಿ ಮೇಲೆಳೆದು ಕಟ್ಟುವ ಕಾಲವದು.

"ಮತ್ತೆ ದಂಡೆಗೆ ರಾಶಿ ಬಂದು ಬೀಳ್ತದಲ್ಲ, ಕಂದು ಬಣ್ಣದ್ದು, ಸಣ್ಣ ಸಣ್ಣ ಗುಳ್ಳೆ ಇದ್ದದ್ದು?" ಎಂದರು ಅಕ್ಕ. ಅದು ಸರ್ಗಾಸಮ್. ಮಳೆ ನಿಂತ ಮೇಲೆ ಕಲ್ಲುಗಳ ಮೇಲೆ ಒತ್ತಾಗಿ ಬೆಳೆಯುತ್ತದೆ, ಆ ಗುಳ್ಳೆಗಳಲ್ಲಿ ಗಾಳಿ ತುಂಬಿ ನೀರಲ್ಲಿ ನೆಟ್ಟಗೆ ನಿಲ್ಲುತ್ತದೆ, ಕಿತ್ತುಹೋದದ್ದು ದಂಡೆಗೆ ಬರುತ್ತದೆ. ಅದನ್ನು ಅಡುಗೆಮನೆಗೆ ತರಬೇಡಿ ಎಂದೆ. ಅದೇ ಬಳಗದ ಹಿಜಿಕಿ ಎಂಬ ಜಪಾನಿ ಸೊಪ್ಪಿನಲ್ಲಿ ವಿಷಕಾರಿ ಆರ್ಸೆನಿಕ್ ಹೆಚ್ಚು ಎಂದು ಬ್ರಿಟನ್ನಿನ ಆಹಾರ ಇಲಾಖೆ 2004ರಲ್ಲೇ ಅದನ್ನು ತಿನ್ನದಿರಿ ಎಂದಿತು. ದಂಡೆಗೆ ಬಿದ್ದದ್ದನ್ನಂತೂ ಯಾವ ಜಾತಿಯಾದರೂ ತಿನ್ನುವ ಹಾಗಿಲ್ಲ, ಎಷ್ಟು ದಿನದ್ದೋ ಯಾರಿಗೆ ಗೊತ್ತು? ಕಲ್ಲಿನ ಮೇಲೆ ಜೀವಂತ ಇರುವುದೇ ಬೇಕು.

ಅಣಬೆಯಲ್ಲಿ ವಿಷದ್ದು ಬಹಳ, ಕಡಲ ಸೊಪ್ಪಿನಲ್ಲಿ ಕಡಿಮೆ ಎಂಬ ಮಾತು ನಿಜ. ಅದನ್ನೇ ನಂಬಿ ಕೂತರೆ ಕಷ್ಟ. ಪೆಸಿಫಿಕ್ಕಿನ ಗುವಾಮ್ ದ್ವೀಪದಲ್ಲಿ 1991ರಲ್ಲಿ ಜನ ಯಾವಾಗಲೂ ತಿನ್ನುತ್ತಿದ್ದ ಗ್ರಾಸಿಲೇರಿಯಾವನ್ನೇ ತಿಂದು 13 ಮಂದಿ ಹಾಸಿಗೆ ಹಿಡಿದರು, ಮೂವರು ತೀರಿಕೊಂಡರು. ಜಾತಿ ಹಳೆಯದೇ, ಆ ಸಲ ಮಾತ್ರ ಅದರಲ್ಲಿ ವಿಷವಿತ್ತು. ಹಾಗಾಗಿ ಹೊಸ ಜಾಗದ ಸೊಪ್ಪಾದರೆ ಮೊದಲ ಸಲ ಚಿಟಿಕೆಯಷ್ಟೇ ತಿನ್ನಬೇಕು, ಮನೆಯವರಿಗೆಲ್ಲ ಒಟ್ಟಿಗೆ ಬಡಿಸಬಾರದು. ಥೈರಾಯಿಡ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಕೆಲವು ಕಡಲ ಸೊಪ್ಪಿನಲ್ಲಿ ಅದರ ಎಷ್ಟೋ ಪಟ್ಟು ಒಂದೇ ತುತ್ತಿನಲ್ಲಿರುತ್ತದೆ.

ಜಾಗದ ಮಾತು ಬಂದಾಗ ಅಕ್ಕ ಸ್ವಲ್ಪ ದನಿ ತಗ್ಗಿಸಿದರು. "ನಮ್ಮ ಕೈಗಾದ ನೀರೂ ಕಾಳಿಗೇ ಅಲ್ವನೆ ಹೋಗೂದು?" ಈ ಕಾಲನಿಯಲ್ಲಿ ಇದ್ದವರಿಗೆ ಈ ಪ್ರಶ್ನೆ ಸಹಜ, ಅದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಸ್ಥಾವರ ನೀರು ತಗೊಳ್ಳುವುದು ಕಾಳಿ ನದಿಯ ಕದ್ರಾ ಜಲಾಶಯದಿಂದ, ಆ ನದಿ ಕಡಲು ಸೇರುವುದು ಸದಾಶಿವಗಡ, ಕೋಡಿಬಾಗದ ನಡುವೆ. ಸ್ಥಾವರದ ಸುತ್ತಲಿನ ನೀರು, ಮೀನು, ಹಾಲು, ಬೆಳೆಗಳ ಮಾದರಿ ತೆಗೆದು ಅಳೆಯಲಿಕ್ಕೆಂದೇ ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ಅಕ್ಕನಿಗೆ ನಾನು ಹೇಳಿದ್ದು ಇಂಗ್ಲೆಂಡಿನ ಕತೆ. ಅಲ್ಲಿಯ ವಿಂಡ್‌ಸ್ಕೇಲ್ ಅಣುಕೇಂದ್ರ ತನ್ನ ನೀರನ್ನು ಕಡಲಿಗೆ ಬಿಡುತ್ತಿತ್ತು. ಆ ದಂಡೆಯ ಕಲ್ಲುಗಳಿಂದ ಪೋರ್ಫೈರಾ ಕೊಯ್ದು ನೂರಾರು ಕಿಲೋಮೀಟರ್ ದೂರದ ದಕ್ಷಿಣ ವೇಲ್ಸಿಗೆ ಕಳಿಸುತ್ತಿದ್ದರು. ವೇಲ್ಸಿನವರು ಅದನ್ನು ಗಂಟೆಗಟ್ಟಲೆ ಬೇಯಿಸಿ, ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿ, ಹುರಿದು ನಾಷ್ಟಾಕ್ಕೆ ತಿನ್ನುತ್ತಾರೆ. ಪೋರ್ಫೈರಾ ರುಥೇನಿಯಂ-106 ಎಂಬ ವಿಕಿರಣ ಧಾತುವನ್ನು ನೀರಿನಿಂದ ಹೀರಿ ಹಿಡಿದುಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ, ಅದನ್ನು ಅತಿ ಹೆಚ್ಚು ತಿನ್ನುವ ವೇಲ್ಸಿನ ಜನರನ್ನು ಲೆಕ್ಕಕ್ಕೆ ಹಿಡಿದು, ಅವರಿಗೆ ತೊಂದರೆಯಾಗದಷ್ಟೇ ಆ ಧಾತುವನ್ನು ಕಡಲಿಗೆ ಬಿಡಬೇಕು ಎಂದು ಮಿತಿ ಹಾಕಿದರು. 1970ರ ದಶಕದ ಮೊದಲಲ್ಲಿ ಆ ದಂಡೆಯ ಕೊಯ್ಲು ನಿಂತಿತು.

ಯಾರೋ ಒಬ್ಬರು ಹೋಗಿ, ನೀವು ಏನು ತಿನ್ನುತ್ತೀರಿ, ಎಷ್ಟು ತಿನ್ನುತ್ತೀರಿ ಎಂದು ವೇಲ್ಸಿನವರನ್ನು ಕೇಳಿದ್ದರಿಂದ ಆ ಮಿತಿ ಹಾಕಲು ಆಯಿತು. ನಾಳೆ ಕಾರವಾರ, ಅಂಕೋಲೆಯ ಮನೆಗಳಲ್ಲಿ ಕಡಲ ಸೊಪ್ಪು ತಿನ್ನುವ ರೂಢಿ ಬಂದರೆ, ಅಳೆಯುವವರ ಪಟ್ಟಿಗೆ ಅದೂ ಸೇರಬೇಕು. ನಾವು ತಿನ್ನುತ್ತೇವೆ ಎಂದು ನಾವೇ ಹೇಳಬೇಕು. ಅಣುಕೇಂದ್ರಕ್ಕಿಂತ ದಿನನಿತ್ಯದ ಚಿಂತೆ ನನಗೆ ಗಟಾರದ್ದು. ಉಲ್ವಾ ಹೊಲಸು ನೀರಿದ್ದಲ್ಲಿ ಮತ್ತೂ ಸೊಂಪಾಗಿ ಬೆಳೆಯುತ್ತದೆ. ಊರಿನ ಮೋರಿ ಬಂದು ಸೇರುವಲ್ಲಿ, ಬಂದರಿನ ಡೀಸೆಲ್ ತೇಲುವಲ್ಲಿ, ಅಳಿವೆಯ ಬಾಯಲ್ಲಿ ಎಷ್ಟೇ ಚಂದ ಕಂಡರೂ ಕೈ ಹಾಕಬಾರದು.

"ಸರಿ, ತಂದಾಯ್ತು. ಮಾಡೂದು ಹೇಂಗೆ?" ಅಕ್ಕನಿಗೆ ಅಲ್ಲಿಗೇ ಬರಬೇಕಿತ್ತು.

ಮೊದಲ ತೊಳೆತ ಅಲ್ಲೇ, ಕಡಲ ನೀರಿನಲ್ಲಿ. ಮಡಿಕೆಗಳಲ್ಲಿ ಮರಳು, ಪುಟ್ಟ ಶಂಖದ ಹುಳ, ಏಡಿಮರಿ ಎಲ್ಲ ಕೂತಿರುತ್ತವೆ, ಅವು ಅಲ್ಲೇ ಇಳಿಯಲಿ. ಮನೆಯಲ್ಲಿ ಸಿಹಿನೀರಿನಲ್ಲಿ ನಾಲ್ಕಾರು ಸಲ, ಪಾತ್ರೆಯ ತಳದಲ್ಲಿ ಮರಳು ಕೂರುವುದು ನಿಲ್ಲುವವರೆಗೆ. ಸಿಹಿನೀರಲ್ಲಿ ನೆನೆಹಾಕಿ ಇಡಬಾರದು, ಮೆತ್ತಗಾಗಿ ನಾರುತ್ತದೆ. ಹಿಂಡಿ, ಹಳೆಯ ಬಲೆಯ ಮೇಲೆ ಹರವಿ ಒಣಗಿಸಿದರೆ ಬಿಸಿಲಿದ್ದ ದಿನ ಸಂಜೆಯೊಳಗೆ ಗರಿಗರಿ. ಒಣಗಿದ ಉಲ್ವಾವನ್ನು ಕಾವಲಿಯಲ್ಲಿ ಬೆಚ್ಚಗೆ ಮಾಡಿ, ಒಣಮೆಣಸು, ಕಾಯಿತುರಿ, ಒಂದೆಸಳು ಮುರುಗಲು ಸಿಪ್ಪೆ ಹಾಕಿ ಅರೆದರೆ ಗಂಜಿಗೆ ನಂಜಿಕೊಳ್ಳುವ ಚಟ್ನಿ. ಉಪ್ಪು ಹಾಕುವ ಮೊದಲು ರುಚಿ ನೋಡಬೇಕು, ಬಹಳ ಸಲ ಬೇಕಾಗುವುದೇ ಇಲ್ಲ. "ಅದ್ಕೆ ಎರಡು ಒಣಸಿಗಡಿ ಬಿದ್ರೆ ಮಾತ್ರ ಚಟ್ನಿ" ಎಂದರು ಅಕ್ಕ. ಅವರ ನಾಲಗೆ ಸರಿಯಾದದ್ದನ್ನೇ ಹೇಳಿತು. ಟೋಕಿಯೋದ ಇಕೆದಾ ಕಿಕುನೇ 1908ರಲ್ಲಿ ಕೊಂಬು ಎಂಬ ಕಡಲ ಸೊಪ್ಪಿನ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಆ ಸಾರಿನ ರುಚಿಗೆ ಕಾರಣ ಇದೇ ಎಂದು ತೋರಿಸಿದ. ಒಣಮೀನು, ಒಣಸಿಗಡಿ ಜೊತೆಗೆ ಬಿದ್ದರೆ ಆ ರುಚಿ ಇಮ್ಮಡಿಗಿಂತ ಹೆಚ್ಚಾಗುತ್ತದೆ.

ಕಡಲ ಸೊಪ್ಪು ತಿಂದೇ ಇಲ್ಲ ಎನ್ನುವವರ ಮನೆಯ ಡಬ್ಬಿಯಲ್ಲೂ ಚೈನಾ ಗ್ರಾಸ್ ಇರುತ್ತದೆ. ಅದೂ ಕಡಲ ಸೊಪ್ಪೇ, ಕೆಂಪು ಜಾತಿಗಳಿಂದ ತೆಗೆದ ಅಗರ್. ಸುಮಾರು 85 ಡಿಗ್ರಿಗೆ ಕರಗುತ್ತದೆ, 40ರ ಕೆಳಗೆ ಬಂದರೆ ಹೆಪ್ಪುಗಟ್ಟುತ್ತದೆ, ನಮ್ಮ ಏಪ್ರಿಲ್ ಸೆಕೆಗೂ ಮತ್ತೆ ಕರಗುವುದಿಲ್ಲ. ಈ ಗುಣ ವೈದ್ಯಶಾಸ್ತ್ರಕ್ಕೆ ಸಿಕ್ಕಿದ್ದು ನೆರೆಮನೆಯ ಮಾತಿನಿಂದಲೇ. ಬರ್ಲಿನ್ನಿನ ರಾಬರ್ಟ್ ಕೋಖನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಬೇಸಿಗೆಯಲ್ಲಿ ಜೆಲಾಟಿನ್ ಕರಗಿ ಸೂಕ್ಷ್ಮಜೀವಿ ಬೆಳೆಸುವುದೇ ಕಷ್ಟವಾಗಿತ್ತು. ಅವನ ಹೆಂಡತಿ ಫ್ಯಾನಿ ಹೆಸ್ಸೆ, ಜಾವಾದಲ್ಲಿ ಇದ್ದು ಬಂದ ನೆರೆಯವರಿಂದ ಅಗರ್ ಹಾಕಿ ಸಿಹಿ ಮಾಡುವುದನ್ನು ಕಲಿತಿದ್ದಳು. ಅದನ್ನೇ ಹಾಕಿ ನೋಡು ಎಂದಳು. ಕೋಖ್ 1882ರಲ್ಲಿ ಕ್ಷಯದ ಬಗ್ಗೆ ಬರೆದಾಗ ಅಗರ್ ಹೆಸರು ಬಂತು, ಫ್ಯಾನಿಯ ಹೆಸರು ಬರಲಿಲ್ಲ. ಅಕ್ಕ ಇದಕ್ಕೆ ನಿಜಕ್ಕೂ ಬೇಜಾರು ಮಾಡಿಕೊಂಡರು. ನನಗೂ ಅದು ಓದಿದಾಗಲೆಲ್ಲ ಚುಚ್ಚುತ್ತದೆ.

ಅವರಿಗೆ ಸಮಾಧಾನವಾಗಲಿ ಎಂದು ಕ್ಯಾಥ್ಲೀನ್ ಡ್ರೂ-ಬೇಕರ್ ವಿಷಯ ಹೇಳಿದೆ. ನೋರಿಯ ಬೀಜ ಎಲ್ಲಿಂದ ಬರುತ್ತದೆ ಎಂದು ಜಪಾನಿನ ಬೆಳೆಗಾರರಿಗೇ ತಿಳಿದಿರಲಿಲ್ಲ. 1949ರಲ್ಲಿ ಇಂಗ್ಲೆಂಡಿನ ಈಕೆ, ಪೋರ್ಫೈರಾ ತನ್ನ ಬದುಕಿನ ಒಂದು ಹಂತವನ್ನು ಚಿಪ್ಪುಗಳ ಒಳಗೆ ಕೊರೆದುಕೊಂಡು ಕಳೆಯುತ್ತದೆ ಎಂದು ತೋರಿಸಿಕೊಟ್ಟಳು. ಆ ಮೇಲೆ ಜಪಾನಿನಲ್ಲಿ ಕಲ್ವದ ಚಿಪ್ಪುಗಳಲ್ಲೇ ಬೀಜ ಬೆಳೆಸಲು ಕಲಿತರು. ಜಪಾನಿಗೆ ಕಾಲಿಡದ ಆಕೆಗೆ ಅಲ್ಲಿನ ಬೆಳೆಗಾರರು ಉಟೊ ಊರಿನಲ್ಲಿ ಸ್ಮಾರಕ ಕಟ್ಟಿಸಿ ಪ್ರತಿ ಏಪ್ರಿಲಿನಲ್ಲಿ ನೆನೆಯುತ್ತಾರೆ. "ನಾವು ಚಿಪ್ಪಿ ಎಲ್ಲ ಸುಣ್ಣದ ಭಟ್ಟಿಗೆ ಕೊಡೂದಾಗಿತ್ತಲ್ಲ" ಎಂದರು ಅಕ್ಕ.

ನನಗೆ ಒಂದೇ ಹೆದರಿಕೆ. ಕಡಲ ಸೊಪ್ಪಿಗೆ ಪೇಟೆ ಬಂದರೆ ಲಾರಿ ತಂದು ಕಲ್ಲು ಬೋಳಿಸುವವರು ಬರುತ್ತಾರೆ. ತಮಿಳುನಾಡಿನ ರಾಮನಾಥಪುರದ ಹೆಂಗಸರು ಮನ್ನಾರ್ ಕೊಲ್ಲಿಯಲ್ಲಿ ಮುಳುಗು ಹಾಕಿ ಅಗರ್ ಸೊಪ್ಪು ಕೀಳುತ್ತಾರೆ. ತಿಂಗಳಿಗೆ 12 ದಿನ ಮಾತ್ರ ಕೀಳುವುದು ಎಂದು ಅವರೇ ಕಟ್ಟುಪಾಡು ಹಾಕಿಕೊಂಡರು, ಅವರ ಪರವಾಗಿ ದನಿ ಎತ್ತಿದ ಲಕ್ಷ್ಮಿ ಮೂರ್ತಿಯವರಿಗೆ 2015ರಲ್ಲಿ ಸೀಕಾಲಜಿ ಪ್ರಶಸ್ತಿ ಬಂತು. ನಮ್ಮಲ್ಲಿ ದಂಡೆಯೇ ಕಿರಿದಾಗುತ್ತಿದೆ. ಅರಗಾ ಕಡೆ ನೌಕಾನೆಲೆ, ಕೇಣಿಯಲ್ಲಿ ಹೊಸ ಬಂದರು ಬೇಡವೆಂದು ಮೀನುಗಾರರ ಹೋರಾಟ. ಉಳಿದ ಕಲ್ಲುಗಳಲ್ಲಿ ಎಷ್ಟು ಕೊಯ್ಯಬೇಕು ಎಂದು ಹೇಳುವ ಹಕ್ಕು ಕಲ್ವ, ಬೆಳಚು ಚಿಪ್ಪಿ ತೆಗೆಯುತ್ತ ಬಂದ ಹೆಂಗಸರದ್ದೇ ಆಗಬೇಕು.

ಬಸ್ಸಿನ ಹಾರ್ನ್ ಕೇಳಿ ಅಕ್ಕ ಬುಟ್ಟಿ ಎತ್ತಿಕೊಂಡರು. "ಬರೂ ಅಮಾಸೆಗೆ ಹಾರವಾಡಕ್ಕೆ ಹೋಗುವ. ಅತ್ತಿಗೆಗೆ ಫೋನ್ ಮಾಡ್ತೆ, ನೀನು ಕತ್ತರಿ ತಕಂಡು ಬಾ." ಬರುತ್ತೇನೆ, ಆದರೆ ಮೊದಲ ಸಲದ್ದನ್ನು ಕೋಡಿಬಾಗದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ತೋರಿಸಿ, ಜಾತಿ ಖಾತ್ರಿ ಮಾಡಿಕೊಂಡೇ ಒಲೆ ಹಚ್ಚುವುದು ಎಂದೆ. ಒಪ್ಪಿದರು. ದಂಡೆಗೆ ಬಿದ್ದ ಸರ್ಗಾಸಮ್ ಒಂದು ಚೀಲ ಬೇಲಿಯ ತೆಂಗಿನ ಸಸಿಗೆ ತರಬಹುದೋ ಎಂದು ಕೇಳಿದರು. ತರಬಹುದು, ಉಪ್ಪು ಹೋಗುವವರೆಗೆ ಚೆನ್ನಾಗಿ ತೊಳೆದು, ಕೊಳೆಸಿ ಹಾಕಬೇಕು ಅಷ್ಟೆ.