ಛತ್ರಿ ಕಾಕಾ

ಅಫಜಲಪುರದ ಯಾವ ಓಣಿಗೆ ಹೋದರೂ ಒಬ್ಬ ಛತ್ರಿ ಕಾಕಾ ಇದ್ದೇ ಇರುತ್ತಾನೆ. ಯಾರ ಮನೆಯ ಟಿವಿಯಲ್ಲಿ 'ನೋ ಸಿಗ್ನಲ್' ಬಂದರೂ ಧೋತರ ಎತ್ತಿ ಕಟ್ಟಿ, ಪಾನಾ ಹಿಡಿದು, ಕರೆಯುವ ಮೊದಲೇ ಮಾಳಿಗೆ ಹತ್ತುವವ. ಉಪಗ್ರಹ ಎಲ್ಲಿದೆ ಅಂತಲೇ ಅವನಿಗೆ ಗೊತ್ತಿಲ್ಲ ಎಂದು ಮಂದಿ ನಗುವುದುಂಟು. ಅದು ಅನ್ಯಾಯ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅಫಜಲಪುರದಿಂದ ಅದು ಹೆಚ್ಚುಕಡಿಮೆ ನೇರ ಆಗ್ನೇಯ. ಊರಿನ ಅರ್ಧ ಅಡುಗೆಮನೆಗಳಿಗೆ ವಾಸ್ತು ಹೇಳಿದ ಕಾಕಾನಿಗೆ ಆಗ್ನೇಯ ಹುಡುಕುವುದನ್ನು ಯಾರೂ ಕಲಿಸಬೇಕಿಲ್ಲ. ಅವನಿಗೆ ತೊಡಕು ಆಕಾಶದಲ್ಲಿಲ್ಲ, ಮೆಟ್ಟಿಲಲ್ಲಿದೆ.

ಲೆಕ್ಕ ಹಾಕಿ ನೋಡಿ. ಸುಮಾರು 36,000 ಕಿ.ಮೀ. ಮೇಲಿನಿಂದ ಸಿಗ್ನಲ್ ಛತ್ರಿಗೆ ಬೀಳಲು ಸೆಕೆಂಡಿನ ಎಂಟನೇ ಒಂದು ಪಾಲು ಸಾಕು. ಬಿತ್ತೆಂಬ ಸುದ್ದಿ ಪಡಸಾಲೆಯಿಂದ ಮಾಳಿಗೆ ಮುಟ್ಟಲು ಮಾತ್ರ ಮೂರು ಬಾಯಿ ದಾಟಬೇಕು: ರಿಮೋಟ್ ಹಿಡಿದ ಹುಡುಗ, ಅಂಗಳದ ಕಾಕು, ಮೆಟ್ಟಿಲ ಮೇಲಿನ ಇನ್ನೊಬ್ಬ ಹುಡುಗ. "ಬಂತೇನ್ಲೇ?" "ಬಂತ್ರೀ ಕಾಕಾ... ಹೋತ್ರೀ!" ಆಂಟೆನಾ ಕಾಲದಲ್ಲಿ ಕೈ ತಿರುಗಿದ ಹಾಗೇ ಚಿತ್ರ ತಿಳಿಯಾಗುತ್ತಿತ್ತು. ಡಿಜಿಟಲ್ ಬಾಕ್ಸು ಸಿಗ್ನಲ್ ಸಿಕ್ಕ ಮೇಲೂ ಕೆಲವು ಸೆಕೆಂಡು ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಚಿತ್ರ ಕೊಡುತ್ತದೆ. ಅಷ್ಟರಲ್ಲಿ ಕಾಕಾ ಮುಂದೆ ಹೋಗಿರುತ್ತಾನೆ. ಇಲ್ಲಿ ಒಂದು ಡಿಗ್ರಿ ಸರಿದರೆ ಅಲ್ಲಿ 600 ಕಿ.ಮೀ.ಗೂ ಮಿಕ್ಕು, ಬೆಂಗಳೂರಿಗೆ ಹೋದಷ್ಟು ದೂರ. ಸಾಲದ್ದಕ್ಕೆ ಕೆಳಗಿನ ಹುಡುಗ "ತೊಂಬತ್ತು ಐತ್ರೀ" ಎಂದು ಕೂಗುವುದು ಸ್ಟ್ರೆಂಗ್ತ್ ಪಟ್ಟಿ ನೋಡಿ. ಛತ್ರಿ ಬೇರೆ ಉಪಗ್ರಹಕ್ಕೆ ಮುಖ ಮಾಡಿದ್ದರೂ ಅದು ಏರಿಯೇ ಇರಬಹುದು. ನೋಡಬೇಕಾದ ಕ್ವಾಲಿಟಿ ಪಟ್ಟಿ ಅದರ ಕೆಳಗೆ ಖಾಲಿ ಕೂತಿರುತ್ತದೆ.

ಮೀಟರ್ ಹಿಡಿದ ಕಂಪನಿ ಹುಡುಗನನ್ನು ಕರೆಸಬಾರದೇ ಎನ್ನಬಹುದು. ಅವನು ಬರುವುದು ರೀಚಾರ್ಜ್ ಮಾಡಿಸುವವರ ಮನೆಗೆ. 2004ರಲ್ಲಿ ಶುರುವಾದ ಫ್ರೀ ಡಿಶ್‌ಗೆ ತಿಂಗಳ ಚಂದಾ ಇಲ್ಲ, ಹಾಗಾಗಿ ಫೋನ್ ಮಾಡಿದರೆ ಓಡಿಬರುವವರೂ ಇಲ್ಲ. ಆ ಖಾಲಿ ಹುದ್ದೆಗೆ ಕಾಕಾ ತನ್ನನ್ನು ತಾನೇ ನೇಮಿಸಿಕೊಂಡಿದ್ದಾನೆ. ಪಗಾರ ಒಂದು ಕಪ್ ಚಹಾ. ಹಿರಿತನದ ಹಕ್ಕೂ ಇದೆಯೆನ್ನಿ. ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸಿದ 1975-76ರ 'ಸೈಟ್' ಪ್ರಯೋಗದಲ್ಲಿ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ತಂತಿಜಾಲರಿಯ ಛತ್ರಿ ಕಟ್ಟಿ ಟಿವಿ ನೋಡಿದವು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಚಹಾದ ಜೊತೆ ಈ ಮಾತನ್ನೂ ಕೇಳಲೇಬೇಕು.

ಏನೇ ಅಂದರೂ ಕೊನೆಗೆ ಚಿತ್ರ ಬರುತ್ತದಲ್ಲ? ಬರುತ್ತದೆ. ಚಿಕ್ಕ ಛತ್ರಿಯ ನೋಟ ತುಸು ಅಗಲ, ಅಂಚಿನಲ್ಲಿ ಸಿಕ್ಕರೂ ಬಿಸಿಲಿರುವ ತನಕ ನಡೆಯುತ್ತದೆ. ಕಾಕಾ ಅಲ್ಲೇ ನಟ್ಟು ಬಿಗಿಯುತ್ತಾನೆ, ಮಿರಗದ ಮಳೆ ಬಂದ ದಿನ ಧಾರಾವಾಹಿ ಚೌಕ ಚೌಕವಾಗಿ ಒಡೆಯುತ್ತದೆ. ಬೆರಳಗಲ ತಿರುಗಿಸಿ, ಹತ್ತು ಎಣಿಸಿ, ಮತ್ತೆ ಬೆರಳಗಲ ತಿರುಗಿಸಿದರೆ ಈ ತಾಪತ್ರಯವಿಲ್ಲ. ಅವನು ಹಾಗೆ ಮಾಡುವುದಿಲ್ಲ. ಮಾಳಿಗೆ ಮೇಲೆ ಹತ್ತು ಎಣಿಸುವ ತನಕ ಸುಮ್ಮನೆ ನಿಂತರೆ, ಕೆಳಗೆ ನೆರೆದ ಓಣಿ "ಕಾಕಾಗ ತಿಳೀವಲ್ದು" ಅಂದುಬಿಡುತ್ತದೆ.