ಬೆರಕೆ ಸೊಪ್ಪಿಗೂ ಟಿಕೆಟ್

"ಶನಿವಾರ ಫೋರೇಜಿಂಗ್‌ಗೆ ಬರ್ತೀರಾ? ನಂದಿಬೆಟ್ಟದ ಬುಡದಲ್ಲಿ. ಆಮೇಲೆ ವೈನ್."

"ಹಂಗಂದ್ರೆ?"

"ಹೊಲದ ಬದುವಿನಲ್ಲಿ ಓಡಾಡಿ ತಿನ್ನೋ ಸೊಪ್ಪು ಹುಡುಕೋದು."

"ಓ, ಬೆರಕೆ ಸೊಪ್ಪು ಕೀಳೋದಾ?"

"ಛೆ, ಅದು ಬೇರೆ. ಇದಕ್ಕೆ ಟಿಕೆಟ್ ಇದೆ!"

ಟಿಕೆಟ್ಟು ಬಿಟ್ಟರೆ ಬೇರೆ ವ್ಯತ್ಯಾಸವೇನೂ ಕಾಣುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹೆಂಗಸರು ರಾಗಿ ಹೊಲದಲ್ಲಿ ಕಳೆ ಕೀಳುವಾಗಲೇ ಅಣ್ಣೆ, ಗೋಣಿ, ಹೊನಗೊನೆ, ಕನ್ನೆ ಸೊಪ್ಪನ್ನು ಬೇರ್ಪಡಿಸಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಯಾವ ಕುಡಿ ಎಳೆಯದು, ಯಾವುದು ಹೂಬಿಟ್ಟು ಬಲಿತಿದೆ ಎಂಬುದು ಅವರ ಬೆರಳಿಗೇ ಗೊತ್ತು. ಸಂಜೆಗೆ ಅದು ಬೇಳೆಯೊಂದಿಗೆ ಬೆಂದು, ಮಸೆದು, ಮುದ್ದೆಗೆ ಜೊತೆಯಾಗುವ ಮಸ್ಸೊಪ್ಪು. ಅದನ್ನೇ ಬಿಳಿ ತಟ್ಟೆಯ ನಡುವೆ ಮೂರೆಲೆ ಮಲಗಿಸಿದರೆ 'ವೈಲ್ಡ್ ಗ್ರೀನ್ಸ್'.

"ನಿಮಗೆ ಹೊಟ್ಟೆಕಿಚ್ಚು. ವೈನ್‌ನಿಂದ ದ್ರಾಕ್ಷಿಗೆ ಬೆಲೆ ಬರಲಿಲ್ವೇ? ಸೊಪ್ಪಿಗೂ ಬರಲಿ ಬಿಡಿ."

ಆಕ್ಷೇಪ ನ್ಯಾಯವಾದದ್ದೇ. ದ್ರಾಕ್ಷಿಯನ್ನು ನೆನೆದು ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೇ ತಂದಿತು; ಬೆಂಗಳೂರು ಬ್ಲೂ ತಳಿಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಆದರೆ ದ್ರಾಕ್ಷಿ ತೋಟಕ್ಕೊಬ್ಬ ಒಡೆಯನಿದ್ದಾನೆ, ಬೆಲೆ ಕೇಳುತ್ತಾನೆ. ತಾನಾಗಿ ಹುಟ್ಟುವ ಸೊಪ್ಪು ಯಾವ ಪಹಣಿಯಲ್ಲಿದೆ? ಅದನ್ನು ಬಲ್ಲವಳಿಗೆ ಪಾಲು ಸಿಗದಿದ್ದರೆ ಬೆಲೆ ಬರುವುದು ಟಿಕೆಟ್ಟಿಗೆ, ಸೊಪ್ಪಿಗಲ್ಲ. ಮೇಲಾಗಿ, ಕಳೆನಾಶಕ ಹೊಡೆದ ಹೊಲದಲ್ಲಿ ಕಳೆಯ ಜೊತೆಗೆ ಸಾರೂ ಸಾಯುತ್ತದೆ. ಆಮೇಲೆ ಎಷ್ಟು ದುಡ್ಡಿಗೂ ಅದು ಹುಟ್ಟದು.

"ಹಾಗಾದ್ರೆ ಬರೋದೇ ಬೇಡ್ವಾ?"

ಖಂಡಿತ ಬನ್ನಿ. ಬೇರು ಬಿಟ್ಟು ಕುಡಿ ಚಿವುಟಿ. ಎಲೆ ಗುರುತಿಸಿಕೊಟ್ಟವಳಿಗೆ ಮೇಷ್ಟ್ರ ಸಂಭಾವನೆ ಕೊಡಿ. ವೈನ್ ಆಮೇಲೆ.