ಬಹುಮೂಲ್ಯರಥವಿಕ್ರಯ ಮೀಮಾಂಸೆ

ಮೊದಲಿಗೆ ಗಣಪತಿಗೆ ನಮಸ್ಕಾರ. ಸವಾರನ ಗಾತ್ರಕ್ಕೂ ವಾಹನದ ಗಾತ್ರಕ್ಕೂ ತಾಳೆಯಾಗಲೇಬೇಕೆಂಬ ಹಟವಿಲ್ಲದ ದೇವರು ಅವನೊಬ್ಬನೇ. ಅಲ್ಲದೆ ಇಲಿಗೆ ಕರ್ನಾಟಕ ಸರ್ಕಾರ ಇನ್ನೂ ಜೀವಾವಧಿ ತೆರಿಗೆ ಹಾಕಿಲ್ಲ. ಈ ಎರಡೂ ಕಾರಣಗಳಿಂದ ಪ್ರಕೃತ ಗ್ರಂಥಕ್ಕೆ ಅವನೇ ಅಧಿದೇವತೆ.

ಗ್ರಂಥ ಅವತರಿಸಿದ್ದು ಹೀಗೆ. ಒಂದು ಭಾನುವಾರ ಬೆಳಿಗ್ಗೆ ಅಕ್ಕ ಮಗನನ್ನು ಕರೆದುಕೊಂಡು ಮನೆಗೆ ಬಂದಳು. ಹುಡುಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಮೂರು ವರ್ಷದಿಂದ ಮೈಸೂರು ರಸ್ತೆಯ ಒಂದು ಶೋರೂಮಿನಲ್ಲಿ ಸಣ್ಣ ಕಾರು ಮಾರುತ್ತಿದ್ದಾನೆ. ಈಗ ಜರ್ಮನ್ ಕಾರಿನ ಶೋರೂಮೊಂದರಿಂದ ಕರೆ ಬಂದಿದೆ. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಆಫರ್ ಲೆಟರ್ ಇಟ್ಟ. "ಮಾವ, ಸೇರ್ಕೊಳ್ಲಾ ಬೇಡ್ವಾ ಹೇಳಿ. ಬುಧವಾರದೊಳಗೆ ಮೇಲ್ ಮಾಡ್ಬೇಕು."

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿದವನನ್ನು ಹೀಗೆಲ್ಲ ಕೇಳಬಾರದು. ಇಂಥ ಪ್ರಶ್ನೆಗೆ ಹೌದು, ಇಲ್ಲ ಎಂದುಬಿಡುವುದು ಪಾಮರ ಲಕ್ಷಣ. ಮೀಮಾಂಸಕರ ಪದ್ಧತಿಯಲ್ಲಿ ಒಂದು ಅಧಿಕರಣಕ್ಕೆ ಐದು ಅಂಗ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಐದೂ ಆಗದೆ ಬಾಯಿ ಬಿಡುವುದಿಲ್ಲ ಎಂದೆ. "ಇವನನ್ನ ಕೇಳೋಕೆ ಬಂದ ನನಗೆ ಬುದ್ಧಿ ಇಲ್ಲ" ಎಂದಳು ಅಕ್ಕ. ಈ ಗ್ರಂಥದುದ್ದಕ್ಕೂ ಭಾಷ್ಯ ಆಕೆಯದೇ.

ವಿಷಯವಾಕ್ಯ ಆ ಪತ್ರವೇ. ಹುದ್ದೆಯ ಹೆಸರು 'ಲಕ್ಷುರಿ ಸೇಲ್ಸ್ ಕನ್ಸಲ್ಟೆಂಟ್'. (ಭಾಷ್ಯ: "ಸೇಲ್ಸ್‌ಮ್ಯಾನ್ ಅಂತ ಬರೆಯೋಕೆ ಏನು ಧಾಡಿ?") ತಿಂಗಳಿಗೆ ಖಚಿತ ಸಂಬಳ ರೂ. 28,000, ಮಿಕ್ಕದ್ದು ವೇರಿಯಬಲ್. ಈ ವೇರಿಯಬಲ್ ಎಂಬುದರ ಸ್ವರೂಪವನ್ನು ನಿರ್ಣಯಿಸುವುದರಲ್ಲೇ ಭಾನುವಾರ ಮಧ್ಯಾಹ್ನ ಕಳೆಯಿತು. ಅದು ಇದೆ ಎನ್ನೋಣವೆಂದರೆ ಹಳೆಯ ಕೆಲಸದಲ್ಲಿ ಆಷಾಢದಲ್ಲಿ ಬಂದಿರಲಿಲ್ಲ. ಇಲ್ಲ ಎನ್ನೋಣವೆಂದರೆ ದಸರೆಯಲ್ಲಿ ಬಂದಿತ್ತು. ಸತ್ತೂ ಅಲ್ಲ, ಅಸತ್ತೂ ಅಲ್ಲ. ಅದ್ವೈತಿಗಳು ಮಾಯೆಯನ್ನು ಅನಿರ್ವಚನೀಯ ಎಂದು ಕರೆದು ಕೈಬಿಟ್ಟರು. ಎಚ್‌ಆರ್‌ನವರು ಅದನ್ನೇ ಎರಡನೇ ಪುಟದಲ್ಲಿ ಕೋಷ್ಟಕ ಹಾಕಿ ಕೊಟ್ಟಿದ್ದಾರೆ. ಸಾಧನೆ ದೊಡ್ಡದು.

ಸಂಶಯವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪೂರ್ವಪಕ್ಷಕ್ಕೆ ಬರೋಣ. ಸೇರಬಾರದು ಎನ್ನುವವನು ಗಣಿತದಿಂದ ಹೊರಡುತ್ತಾನೆ. ಶೋರೂಮ್ ಬೆಲೆ 1 ಕೋಟಿ ರೂಪಾಯಿಯ ಪೆಟ್ರೋಲ್ ಕಾರೊಂದನ್ನು ಹಿಡಿಯಿರಿ. ಅದರೊಳಗೇ ಜಿಎಸ್‌ಟಿ ಕೂತಿದೆ, 2025ರ ಸೆಪ್ಟೆಂಬರ್ 22ರಿಂದ ಶೇ 40ರ ದರದಲ್ಲಿ. ಅದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ. ಬೆಲೆ 20 ಲಕ್ಷ ದಾಟಿದರೆ ಶೇ 18. ಅಂದರೆ 18 ಲಕ್ಷ. ಸೆಸ್ ಬೇರೆ. ಈ 18 ಲಕ್ಷವೊಂದೇ ಹುಡುಗನ ಐದು ವರ್ಷ ನಾಲ್ಕು ತಿಂಗಳ ಖಚಿತ ಸಂಬಳ. ಕಾರಿನ ಬೆಲೆಗಾದರೋ, ಉಪ್ಪಿಟ್ಟನ್ನೂ ತಿನ್ನದೆ ಕೂಡಿಟ್ಟರೆ ಇಪ್ಪತ್ತೊಂಬತ್ತು ವರ್ಷ ಒಂಬತ್ತು ತಿಂಗಳು. ಇಷ್ಟು ದೂರದ ವಸ್ತುವನ್ನು ಇಷ್ಟು ಹತ್ತಿರ ನಿಂತು, ನಗುನಗುತ್ತಾ, "ಸರ್, ಈ ರೇಂಜಿಗೆ ಇದು ಚೀಪೇ" ಎಂದು ಹೇಳುವುದು ಹೇಗೆ? ಜೊತೆಗೆ, ಕೊಳ್ಳುವ ಮಹನೀಯರಲ್ಲಿ ಕೆಲವರಿಗೆ ಈ ಶೇ 18 ಕಟ್ಟಲು ಕಷ್ಟ. ಅವರು ಪುದುಚೇರಿಯ ವಿಳಾಸ ಕೊಟ್ಟು ಅಲ್ಲಿ ನೋಂದಣಿ ಮಾಡಿಸಿ ಇಲ್ಲಿ ಓಡಿಸುತ್ತಾರೆ, ಆಗಾಗ ಸಾರಿಗೆ ಇಲಾಖೆಯವರ ಕೈಗೂ ಸಿಕ್ಕಿಬೀಳುತ್ತಾರೆ. ಕಾರು ಕೋಟಿಯದು, ಸಂಕಟ ಮಧ್ಯಮ ವರ್ಗದ್ದು.

ಹುಡುಗ ಓಡಾಡುವುದು ಸ್ಕೂಟರಿನಲ್ಲಿ. ಬ್ಲೇಜರನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಸೀಟಿನಡಿ ಇಟ್ಟು, ಶೋರೂಮಿನ ಹಿಂದಿನ ಗಲ್ಲಿಯಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಸ್ಕೂಟರಿನ ಕನ್ನಡಿಯಲ್ಲೇ ತಲೆ ಬಾಚಿಕೊಂಡು ಮುಂಬಾಗಿಲಿಂದ ಜರ್ಮನಿಯೊಳಗೆ ಕಾಲಿಡಬೇಕು. ಇಲ್ಲಿ ಭಾಷ್ಯಕಾರ್ತಿಯದು ಬೇರೆಯೇ ಆಕ್ಷೇಪ. "ನಾಳೆ ಹೆಣ್ಣಿನ ಕಡೆಯವರು ಹುಡುಗ ಏನ್ ಮಾಡ್ತಾನೆ ಅಂದ್ರೆ ಏನು ಹೇಳ್ಲಿ? ಬೆನ್ಜ್ ಅಂದ್ರೆ ಇದೆ ಅನ್ಕೋತಾರೆ, ಮಾರ್ತಾನೆ ಅಂದ್ರೆ ಎದ್ದು ಹೋಗ್ತಾರೆ."

ಪೂರ್ವಪಕ್ಷ ಬಲವಾಗಿದೆ. ಆದರೆ ಪ್ರಮಾಣಗಳ ಪರೀಕ್ಷೆ ಆಗಬೇಕಲ್ಲ. ಗೌತಮನ ನ್ಯಾಯದಲ್ಲಿ ಪ್ರಮಾಣ ನಾಲ್ಕು.

ಪ್ರತ್ಯಕ್ಷಕ್ಕಾಗಿ ಸೋಮವಾರ ನಾನೇ ಒಂದು ಶೋರೂಮಿಗೆ ಹೋದೆ. ಯಾವುದೆಂದು ಹೇಳುವುದಿಲ್ಲ. ಪಂಚೆ, ಅರ್ಧ ತೋಳಿನ ಅಂಗಿ, ಹವಾಯಿ ಚಪ್ಪಲಿ, ಕೈಯಲ್ಲಿ ತರಕಾರಿ ಚೀಲ. ಚೀಲದಿಂದ ಕೊತ್ತಂಬರಿ ಇಣುಕುತ್ತಿತ್ತು. ಸೆಕ್ಯುರಿಟಿಯವನು ಬಾಗಿಲು ತೆರೆಯಲೋ ಬೇಡವೋ ಎಂದು ಅರ್ಧ ತೆರೆದ. ಒಳಗೆ ತಣ್ಣಗೆ, ಚರ್ಮದ ವಾಸನೆ. ಕಾರುಗಳ ಮೇಲೆ ಬೆಲೆಯ ಚೀಟಿ ಇಲ್ಲ. ಬೆಲೆ ಕೇಳುವವನು ಕೊಳ್ಳುವವನಲ್ಲ ಎಂಬ ವ್ಯಾಪ್ತಿ ಅಲ್ಲಿ ಅಲಿಖಿತವಾಗಿ ಸಿದ್ಧ. ಬ್ಲೇಜರಿನ ಹುಡುಗನೊಬ್ಬ ದೂರದಿಂದ ನನ್ನ ಪಾದ ನೋಡಿದ, ಆಮೇಲೆ ಕೊತ್ತಂಬರಿ ನೋಡಿದ, ಆಮೇಲೆ ಟ್ಯಾಬ್ ನೋಡಲಾರಂಭಿಸಿದ. ಬಾಗಿಲೊಂದನ್ನು ನಾನೇ ತೆರೆದು ಮುಚ್ಚಿದೆ. 'ಟಪ್'. ದಪ್ಪ ಪುಸ್ತಕ ಮುಚ್ಚಿದ ಹಾಗೆ. ನಮ್ಮ ಹಳೇ ಕಾರಿನದು 'ಢಣ್'. ಮೂರು ಮನೆಯಾಚೆಯವರಿಗೂ ನಾನು ಬಂದದ್ದು ಗೊತ್ತಾಗುತ್ತದೆ. ಆ 'ಟಪ್' ಬರಿಸಲೆಂದೇ ಅಲ್ಲಿ ಇಂಜಿನಿಯರುಗಳು ಕೂತಿರುತ್ತಾರಂತೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಎರಡನೇ ಸಲವೂ ತೆರೆದು ಮುಚ್ಚಿದೆ.

ಅನುಮಾನ ಪ್ರಮಾಣದ ವಿಚಾರವೇ ಈ ಗ್ರಂಥದ ಹೃದಯ. ಬೆಟ್ಟದಲ್ಲಿ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ, ಅಡುಗೆಮನೆಯಲ್ಲಿ ಇರುವಂತೆ. ಇದು ನಮ್ಮ ಹಿರಿಯರು ಕಲಿಸಿದ್ದು. ಶೋರೂಮಿನ ಅನುಮಾನ ಹೀಗೆ: ಈತನ ಕಾಲಲ್ಲಿ ಹವಾಯಿ ಚಪ್ಪಲಿಯಿದೆ, ಆದ್ದರಿಂದ ಈತನಲ್ಲಿ ಹಣವಿಲ್ಲ, ನಮ್ಮ ಮಾವನಂತೆ. ಹೇತು ಕೆಟ್ಟಿದೆ. ಸವ್ಯಭಿಚಾರ ಎಂಬ ಹೇತ್ವಾಭಾಸ ಇದು; ಚಪ್ಪಲಿ ಹಣವಿಲ್ಲದವನ ಕಾಲಲ್ಲೂ ಇರುತ್ತದೆ, ಹಣವಿದ್ದವನ ಕಾಲಲ್ಲೂ ಇರುತ್ತದೆ. ದೃಷ್ಟಾಂತ ಬೇಕೆ? 2022ರ ಜನವರಿ, ತುಮಕೂರು. ಪಿಕಪ್ ವಾಹನ ನೋಡಲು ಬಂದ ರೈತರೊಬ್ಬರಿಗೆ ಮಾರಾಟದವನು, ಹತ್ತು ಲಕ್ಷದ ಮಾತಿರಲಿ, ಜೇಬಿನಲ್ಲಿ ಹತ್ತು ರೂಪಾಯಿ ಇದ್ದೀತೇ ಎಂಬರ್ಥದಲ್ಲಿ ಮಾತಾಡಿದ. ರೈತರು ಸುಮಾರು ಒಂದು ಗಂಟೆಯಲ್ಲಿ ಹತ್ತು ಲಕ್ಷ ತಂದು ಇವತ್ತೇ ಗಾಡಿ ಕೊಡಿ ಎಂದರು. ಗಾಡಿ ಅವತ್ತು ಕೊಡಲಾಗಲಿಲ್ಲ, ವಿಷಯ ಪೊಲೀಸ್ ಠಾಣೆಗೆ ಹೋಯಿತು, ದೇಶವೆಲ್ಲ ನೋಡಿತು. (ಒಂದು ಪ್ರಾಸಂಗಿಕ ಮಾತು. 2017ರಿಂದ ಎರಡು ಲಕ್ಷ ಮತ್ತು ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಆದ್ದರಿಂದ ಚೀಲದ ನೋಟು ತರ್ಕಕ್ಕೆ ಸಾಕ್ಷಿಯಾದೀತು, ಬಿಲ್ಲಿಗೆ ಆಗದು.) ಇನ್ನು ನಮ್ಮ ಬೆಂಗಳೂರಿನಲ್ಲೇ ಕ್ಷೌರಿಕರೊಬ್ಬರು 2011ರಲ್ಲಿ ರೋಲ್ಸ್ ರಾಯ್ಸ್ ಘೋಸ್ಟ್ ಕೊಂಡು, ಅದನ್ನು ಬಾಡಿಗೆಗೆ ಬಿಟ್ಟು, ಕತ್ತರಿಯನ್ನು ಮಾತ್ರ ಬಿಡಲಿಲ್ಲ.

ಪೌರಾಣಿಕರು ಐತಿಹ್ಯವನ್ನೂ ಪ್ರಮಾಣವೆಂದು ಒಪ್ಪುತ್ತಾರೆ. ಇಂದಿನ ಐತಿಹ್ಯ ವಾಟ್ಸಾಪಿನಲ್ಲಿ ಬರುತ್ತದೆ: ಲಂಡನ್ನಿನ ಶೋರೂಮಿನಲ್ಲಿ ಅವಮಾನಗೊಂಡ ಮಹಾರಾಜ ಅಷ್ಟೂ ರೋಲ್ಸ್ ರಾಯ್ಸ್ ಕೊಂಡು ಊರಿಗೆ ತಂದು ಕಸ ಹೊಡೆಸಿದ್ದು. ಆ ರಾಜ ಕೆಲವರಿಗೆ ಅಲ್ವರದವನು, ಕೆಲವರಿಗೆ ಹೈದರಾಬಾದಿನವನು, ನಮ್ಮ ಸೊಸೈಟಿ ಗ್ರೂಪಿನಲ್ಲಿ ಪಟಿಯಾಲದವನು. ಒಂದೇ ಅವಮಾನ ಇಷ್ಟು ಜನರಿಗೆ ಆಗಿದ್ದರೆ ಅದು ಶೋರೂಮಿನ ಟ್ರೈನಿಂಗಿನ ದೋಷ. ಪ್ರಮಾಣ ತಿರಸ್ಕೃತ.

ಉಪಮಾನಕ್ಕೆ ಚಿಕ್ಕಪೇಟೆ. ಅಲ್ಲಿ ಸೀರೆ ಅಂಗಡಿಯ ಗಾದಿಯ ಮೇಲೆ ಕೂತವನು ನಲವತ್ತು ಸೀರೆ ಬಿಚ್ಚಿ ಹರಡುತ್ತಾನೆ. ಅಂಚು ನೋಡಮ್ಮ, ಸೆರಗು ನೋಡಮ್ಮ ಎನ್ನುತ್ತಾನೆ, ಮೀಸೆ ಹೊತ್ತ ತನ್ನ ಹೆಗಲ ಮೇಲೇ ಸೆರಗು ಹೊದ್ದು ತೋರಿಸುತ್ತಾನೆ. ಅಕ್ಕ ಒಮ್ಮೆ ಐವತ್ತೆರಡು ಬಿಚ್ಚಿಸಿ, "ಇನ್ನೊಂದ್ ಸುತ್ತು ನೋಡ್ಕೊಂಡ್ ಬರ್ತೀವಿ" ಎಂದು ಎದ್ದು ಬಂದಿದ್ದಳು. ಅವನು ಮುಖ ಗಂಟಿಕ್ಕಲಿಲ್ಲ, "ಬನ್ನಿ ಅಕ್ಕ" ಎಂದು ಮಡಚತೊಡಗಿದ. ಮೂರು ತಿಂಗಳ ಮೇಲೆ ಮಗಳ ಮದುವೆಯ ಜವಳಿಯೆಲ್ಲ ಅಲ್ಲೇ ಆಯಿತು. ಅವನ ಹೆಂಡತಿ ಆ ರೇಷ್ಮೆ ಉಡುತ್ತಾಳೋ ಇಲ್ಲವೋ ಎಂದು ನಾವ್ಯಾರೂ ಕೇಳಿಲ್ಲ. ಹಾಗಾದರೆ ಕಾರು ಮಾರುವವನಿಗೆ ಮಾತ್ರ ಯಾಕೆ ಆ ಪ್ರಶ್ನೆ? ಭಾಷ್ಯ ಇಲ್ಲಿ ಮೌನ ತಾಳಿತು.

ಶಬ್ದ ಪ್ರಮಾಣ, ಎಂದರೆ ಆಪ್ತರ ಮಾತು. ಚರಿತ್ರೆಗಿಂತ ಆಪ್ತರು ಯಾರು? ಮರ್ಸಿಡಿಸ್ ಎಂಬುದು ಇಂಜಿನಿಯರನ ಹೆಸರಲ್ಲ, ಮಾರಿದವನ ಮಗಳ ಹೆಸರು. ಎಮಿಲ್ ಯೆಲಿನೆಕ್ ಎಂಬ ಆಸ್ಟ್ರಿಯಾದ ವರ್ತಕ ಫ್ರಾನ್ಸಿನ ನೀಸ್ ಊರಿನಲ್ಲಿ ಶ್ರೀಮಂತರಿಗೆ ಡೈಮ್ಲರ್ ಕಾರು ಮಾರುತ್ತಿದ್ದ. 1900ರಲ್ಲಿ ಒಟ್ಟಿಗೇ 36 ಕಾರಿಗೆ ಆರ್ಡರ್ ಕೊಟ್ಟು, ಅದಕ್ಕೆ ಮಗಳ ಹೆಸರಿಡಿ ಎಂದ. ಇಟ್ಟರು. 1903ರಲ್ಲಿ ತನ್ನ ಹೆಸರಿಗೂ ಅದನ್ನೇ ಸೇರಿಸಿಕೊಂಡು ಯೆಲಿನೆಕ್-ಮರ್ಸಿಡಿಸ್ ಆದ. ಅಪ್ಪನಿಗೆ ಮಗಳ ಹೆಸರು ಬಂತು. ರೋಲ್ಸ್ ರಾಯ್ಸ್ ಕಥೆಯೂ ಬೇರೆಯಲ್ಲ. ರೋಲ್ಸ್ ಲಂಡನ್ನಿನಲ್ಲಿ ವಿದೇಶಿ ಕಾರು ತರಿಸಿ ಮಾರುವವ, ರಾಯ್ಸ್ ಕಾರು ಮಾಡುವವ. 1904ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಹೋಟೆಲೊಂದರಲ್ಲಿ ಭೇಟಿಯಾದರು. ಮಾರುವವನ ಹೆಸರು ಮುಂದೆ, ಮಾಡುವವನದು ಹಿಂದೆ. ಒಂದಕ್ಷರದ ವ್ಯತ್ಯಾಸಕ್ಕೆ ಇಷ್ಟು ಬೆಲೆ!

ಇದನ್ನು ಓದಿ ಹೇಳಿದಾಗ ಅಕ್ಕನ ಕಣ್ಣು ಹೊಳೆಯಿತು. ಅವಳ ಮಗಳ ಹೆಸರು ನಾಗರತ್ನ. 'ನಾಗರತ್ನ-ಬೆನ್ಜ್' ಎಂದು ಒಮ್ಮೆ ತುಟಿಯಲ್ಲೇ ಅಂದು ನೋಡಿದಳು. ದೂರದ ಮಾತೂ ಅಲ್ಲ ಎಂದೆ ನಾನು. 2020ರಲ್ಲಿ ಲೆಕ್ಸಸ್‌ನ ಇಎಸ್ ಕಾರನ್ನು ಬಿಡದಿಯಲ್ಲೇ ಜೋಡಿಸಲು ಶುರುಮಾಡಿದರು. ತಟ್ಟೆ ಇಡ್ಲಿಯ ಬಿಡದಿ. ನಮ್ಮ ಹುಡುಗ ಹುಟ್ಟಿದ್ದೂ ಅಲ್ಲಿಂದ ಏಳು ಕಿಲೋಮೀಟರಿನಲ್ಲಿ.

ಬುಧವಾರ ರಾತ್ರಿ ಹತ್ತು ಗಂಟೆಗೆ ಸಿದ್ಧಾಂತ ಪ್ರಕರಣಕ್ಕೆ ಕೈಹಾಕಿದೆ. ಪಾದ ನೋಡದೆ ಮುಖ ನೋಡಬಲ್ಲವನೇ ಈ ವೃತ್ತಿಗೆ ಅಧಿಕಾರಿ, ಅಂಥವನು ಷರತ್ತುಬದ್ಧವಾಗಿ ಸೇರಬಹುದು, ಷರತ್ತುಗಳು ಹದಿನಾಲ್ಕು, ಎಂದು ಶುರುಮಾಡಿ ಒಂಬತ್ತನೆಯದಕ್ಕೆ ಬಂದಿದ್ದಾಗ ಹುಡುಗನಿಗೆ ಫೋನ್ ಮಾಡಿದೆ, ಮೇಲ್ ಕಳಿಸಲು ಇನ್ನೂ ಎರಡು ಗಂಟೆ ಇದೆ ಎಂದು.

"ಸೋಮವಾರನೇ ಕಳಿಸ್ಬಿಟ್ಟೆ ಮಾವ. ನೀವು ಬರೀತಾ ಇದ್ರಿ, ಡಿಸ್ಟರ್ಬ್ ಮಾಡೋದು ಬೇಡ ಅಂತ ಹೇಳ್ಲಿಲ್ಲ."

ಉಳಿದದ್ದು ಸಂಗತಿ. ಅವನು ಸೇರಿ ಮೂರು ವಾರವಾಗಿದೆ. ಮೊನ್ನೆ ಫೋನ್ ಮಾಡಿ, ತಿಂಗಳ ಕೊನೆ ಮಾವ, ನಿಮಗೆ ಗೊತ್ತಿರೋರಲ್ಲಿ ಯಾರಾದ್ರೂ ಪಾರ್ಟಿ ಇದ್ರೆ ನಂಬರ್ ಕೊಡಿ, ಟೆಸ್ಟ್ ಡ್ರೈವ್‌ಗೆ ಬಂದ್ರೂ ಸಾಕು ಎಂದ. ನನ್ನ ಮೊಬೈಲಿನಲ್ಲಿ ಇರುವವರು ನಿವೃತ್ತ ಉಪನ್ಯಾಸಕರು, ಗ್ಯಾಸಿನವರು, ಡಾಕ್ಟರ ಕಾಂಪೌಂಡರು. ಎರಡು ಸಲ ಮೇಲಿಂದ ಕೆಳಗೆ ನೋಡಿ, ನಮ್ಮ ಕ್ಷೌರದಂಗಡಿಯವರ ನಂಬರು ಕೊಟ್ಟಿದ್ದೇನೆ. ಫೋನ್ ಎತ್ತಲಿಲ್ಲವಂತೆ. ಭಾನುವಾರ ನೋಡಿ, ಅಂಗಡಿಯಲ್ಲಿ ಜನ ಇರುತ್ತಾರೆ.